ಬೇಸಿಗೆ ರಜೆ ಮತ್ತು ಮೊದಲ ಒಂದು ಗಂಟೆ



2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಕಡೆಗೆ ಓಡುತ್ತಿದ್ದ ಆಂಬುಲೆನ್ಸ್, ಬೈಂದೂರು ತಾಲೂಕಿನ ಶಿರೂರು ಟೋಲ್‌ಗೇಟ್‌ನಲ್ಲಿ ಮಳೆಯ ರಸ್ತೆ ಮೇಲೆ ಜಾರಿ ಪಲ್ಟಿಯಾಯ್ತು. ನಾಲ್ಕು ಜನ ಸತ್ತರು. ಆ ದೃಶ್ಯ ನೋಡದವರು ಕರಾವಳಿಯಲ್ಲಿ ಯಾರೂ ಇಲ್ಲ. ಅದಾದ ಮೇಲೆ ಉತ್ತರ ಕನ್ನಡದ ಜನ ಸಿಟ್ಟಿಗೆದ್ದರು. ಆಸ್ಪತ್ರೆ ಕೊಡದಿದ್ದರೆ ವೋಟೂ ಇಲ್ಲ ಅಂದರು. ನ್ಯಾಯವಾದ ಸಿಟ್ಟು ಅದು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಕುಮಟಾದಿಂದ ಲೆಕ್ಕ ಹಾಕಿದರೆ ಇನ್ನೂ 60 ಸೇರಿಸಿಕೊಳ್ಳಿ.

ಆದರೆ ಇವತ್ತು ನಾನು ಕಟ್ಟಡದ ಬಗ್ಗೆ ಮಾತಾಡೋದಿಲ್ಲ. ಆ ಕಟ್ಟಡದೊಳಗೆ ನಿಲ್ಲಬೇಕಾದವರ ಬಗ್ಗೆ ಮಾತಾಡ್ತೀನಿ.

ಈ ಮೂರು ತಾಲೂಕಿನ ಮಕ್ಕಳು ಎಂಬಿಬಿಎಸ್ ಓದ್ತಾ ಇದ್ದಾರೆ. ಮಂಗಳೂರಲ್ಲಿದ್ದಾರೆ, ಮಣಿಪಾಲದಲ್ಲಿದ್ದಾರೆ, ಹುಬ್ಬಳ್ಳಿಯಲ್ಲಿದ್ದಾರೆ, ನಮ್ಮದೇ ಕಾರವಾರದ ಮೆಡಿಕಲ್ ಕಾಲೇಜಿನಲ್ಲೂ ಇದ್ದಾರೆ. ಬೇಸಿಗೆಯಲ್ಲಿ ಎರಡು ಮೂರು ವಾರ ರಜೆ ಸಿಕ್ಕರೆ ಊರಿಗೆ ಬರ್ತಾರೆ. ಮಾವಿನಹಣ್ಣು ತಿಂದು, ಮದುವೆ ಮುಂಜಿ ಮುಗಿಸಿ, ಮತ್ತೆ ಬಸ್ ಹತ್ತುತ್ತಾರೆ. ಅವರದ್ದೇ ಊರಿನ ತಾಲೂಕು ಆಸ್ಪತ್ರೆಯ ತುರ್ತು ವಿಭಾಗದೊಳಗೆ ಒಂದು ರಾತ್ರಿ ನಿಂತು ನೋಡಿದವರು ಎಷ್ಟು ಜನ? ಅವರನ್ನು ಬನ್ನಿ ಅಂತ ಕರೆದವರಾದರೂ ಯಾರು?

ತುರ್ತು ಚಿಕಿತ್ಸೆ ಅಂದರೆ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಹಾಕಿಸಿಕೊಂಡ ಡಾಕ್ಟರು, ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2009ರಲ್ಲೇ ನಮ್ಮ ದೇಶ ಅದನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಒಪ್ಪಿಕೊಂಡಿದೆ. ಆದರೆ 2021ರ ನಿಯಮದಂತೆ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಕ್ಯಾಶುವಾಲ್ಟಿಗೆ ಮೀಸಲಾಗಿರೋದು ಎರಡು ವಾರ! ಎರಡು ವಾರದಲ್ಲಿ ಒಬ್ಬ ಹುಡುಗ ಇದೇ ನನ್ನ ದಾರಿ ಅಂತ ಹೇಗ್ರೀ ತೀರ್ಮಾನ ಮಾಡಬೇಕು?

ಈ ಕರಾವಳಿಯಲ್ಲಿ ಕಲಿಯೋದಕ್ಕೆ ಏನಿದೆ ಅಂತ ಕೇಳಬೇಡಿ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವನು ಬರ್ತಾನೆ. ಅವನನ್ನು ಕೈಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸಿದರೆ ಬೆನ್ನುಹುರಿಯ ಕಥೆ ಮುಗೀತು. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಹಲಗೆ ಮೇಲೆ ಹೊರಳಿಸಬೇಕು. ಹಾವು ಕಚ್ಚಿದವಳು ಬರ್ತಾಳೆ. ಸ್ವಚ್ಛವಾದ ಒಣ ಗಾಜಿನ ನಳಿಗೆಯಲ್ಲಿ ಅವಳ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಕಾಯಬೇಕು. ಹೆಪ್ಪುಗಟ್ಟಲಿಲ್ಲವಾ, ವಿಷ ರಕ್ತಕ್ಕೆ ಇಳಿದಿದೆ ಅಂತಲೇ ಲೆಕ್ಕ. ಈ ಪರೀಕ್ಷೆಗೆ ಕೋಟಿ ರೂಪಾಯಿಯ ಯಂತ್ರ ಬೇಡ. ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ಸಮುದ್ರದಿಂದ ಎಳೆದು ತಂದ ಪ್ರವಾಸಿಗನಿಗೆ ಮೊದಲು ಬೇಕಾಗಿರೋದು ಉಸಿರು, ಆಮೇಲೆ ಎದೆ ಒತ್ತುವುದು, ನಿಮಿಷಕ್ಕೆ 100ರಿಂದ 120 ಸಲ. ಎದೆನೋವು ಅಂತ ಬಂದವನಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಇವೆಲ್ಲ ಪುಸ್ತಕದಲ್ಲಿದೆ, ನಿಜ. ಆದರೆ ರೋಗಿಯ ಅಮ್ಮ ಪಕ್ಕದಲ್ಲೇ ನಿಂತು ಅಳುತ್ತಿರುವಾಗ ಕೈ ನಡುಗದಂತೆ ಕೆಲಸ ಮಾಡೋದು ಪುಸ್ತಕದಲ್ಲಿಲ್ಲ.

ದಾರಿಗಳು ಈಗಾಗಲೇ ಇವೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ 'ಎಲೆಕ್ಟಿವ್' ಅಂತ ಇದೆ, ವಿದ್ಯಾರ್ಥಿ ತನ್ನ ಆಸಕ್ತಿಯ ವಿಭಾಗ ಆರಿಸಿಕೊಂಡು ಕಲಿಯುವ ಅವಧಿ ಅದು. ಐಸಿಎಂಆರ್ 1979ರಿಂದ ನಡೆಸಿಕೊಂಡು ಬಂದಿರುವ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆ ಇದೆ. ಹಾವು ಕಚ್ಚಿದ ಎಷ್ಟು ಹೊತ್ತಿಗೆ ಹೊನ್ನಾವರದ ರೋಗಿ ಆಸ್ಪತ್ರೆ ಬಾಗಿಲು ತಲುಪ್ತಾನೆ ಅನ್ನೋದೇ ಒಂದು ಒಳ್ಳೆಯ ಸಂಶೋಧನೆಯ ವಿಷಯ ಆಗಲ್ವಾ? ಇನ್ನು 2008ರ ನವೆಂಬರ್ 1ರಿಂದ ಓಡುತ್ತಿರುವ 108 ವಾಹನಗಳಿವೆ. ಅದರೊಳಗಿನ ಸಿಬ್ಬಂದಿಗೆ ರಸ್ತೆಯ ಮೇಲೆ ಜೀವ ಹಿಡಿದಿಡುವ ಅನುಭವ ಇದೆ, ಅನೇಕ ಪ್ರೊಫೆಸರುಗಳಿಗೂ ಇರದಷ್ಟು.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ವಿದ್ಯಾರ್ಥಿ ಡಾಕ್ಟರಲ್ಲ. ಅವನು ಸ್ವತಂತ್ರವಾಗಿ ಸೂಜಿ ಚುಚ್ಚುವಂತಿಲ್ಲ, ಔಷಧ ಬರೆಯುವಂತಿಲ್ಲ. ಹಿರಿಯ ವೈದ್ಯರ ಕಣ್ಣೆದುರಿಗೆ ನೋಡಬೇಕು, ಸಹಾಯ ಮಾಡಬೇಕು, ಸಮಯ ಬರೆದಿಡಬೇಕು. ಕಾಲೇಜಿನ ಪತ್ರ, ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯ ಒಪ್ಪಿಗೆ ಎರಡೂ ಬೇಕು. ಇನ್ನೊಂದು ಮಾತು ಸರ್ಕಾರಕ್ಕೆ: ಹುಡುಗರು ಬಂದಿದ್ದಾರಲ್ಲ ಅಂತ ಖಾಲಿ ಇರುವ ತಜ್ಞರ ಹುದ್ದೆಗಳನ್ನು ಹಾಗೇ ಬಿಡಬೇಡಿ. ಆಸ್ಪತ್ರೆಯ ಬೇಡಿಕೆಗೆ ಇದು ಬದಲಿ ಅಲ್ಲ.

ಹಾಗಾದರೆ ಇದರಿಂದ ಏನು ಲಾಭ? ಲಾಭ ಹತ್ತು ವರ್ಷದ ನಂತರ ಬರುತ್ತೆ. ನಾಳೆ ಇಲ್ಲಿ ದೊಡ್ಡ ಆಸ್ಪತ್ರೆ ಎದ್ದು ನಿಂತಿತು ಅಂತಲೇ ಇಟ್ಕೊಳ್ಳಿ. ರಾತ್ರಿ ಎರಡು ಗಂಟೆಗೆ ಅಲ್ಲಿ ಎಚ್ಚರ ಇರೋದು ಯಾರು? ಬೆಂಗಳೂರಿನಿಂದ ವರ್ಗವಾಗಿ ಬಂದು, ಆರು ತಿಂಗಳಲ್ಲಿ ವಾಪಸ್ ವರ್ಗ ಮಾಡಿಸಿಕೊಳ್ಳುವವರಾ? ಇಲ್ಲಾ, ಹತ್ತೊಂಬತ್ತನೇ ವಯಸ್ಸಿನಲ್ಲಿ ಇದೇ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಮಣಿಪಾಲಕ್ಕೆ ಒಯ್ಯಿರಿ ಅನ್ನೋ ಮಾತು ಕೇಳಿದ ಮನೆಯವರ ಮುಖ ನೋಡಿದವರಾ?

ಜಿಲ್ಲಾ ಆರೋಗ್ಯಾಧಿಕಾರಿಗಳೇ, ಕಾಲೇಜಿನ ಡೀನ್‌ಗಳೇ, ಕುಳಿತು ಒಂದು ಸುತ್ತೋಲೆ ಹೊರಡಿಸಿ. ಭಟ್ಕಳ, ಹೊನ್ನಾವರ, ಕುಮಟಾ, ಮೂರು ಆಸ್ಪತ್ರೆ. ಒಂದೊಂದರಲ್ಲೂ ಸಾಲಿಗೆ ಇಬ್ಬರೇ ವಿದ್ಯಾರ್ಥಿಗಳು, ಮೂರೇ ವಾರ. ಹಣ ಬೇಕಿಲ್ಲ, ಮನಸ್ಸು ಬೇಕು. ಅಪ್ಪ ಅಮ್ಮಂದಿರೇ, ಮಗಳು ರಜೆಯಲ್ಲೂ ಆಸ್ಪತ್ರೆಗೆ ಹೊರಟಳು ಅಂದರೆ ಬೇಡ ಅನ್ನಬೇಡಿ. ಮುಂದೊಂದು ರಾತ್ರಿ ನಿಮ್ಮದೇ ಎದೆ ಹಿಂಡಿದಾಗ, 90 ಕಿಲೋಮೀಟರ್ ದೂರದ ಡಾಕ್ಟರಿಗಿಂತ ಅವಳು ಹತ್ತಿರ ಇರ್ತಾಳೆ.