ಬಿಸಿಲು, ಬ್ಯಾಕ್ಟೀರಿಯಾ ಮತ್ತು ಎಲೆಕ್ಟ್ರಾನಿನ ಲೆಕ್ಕ

ಮೂರೆಲ್ಲಾ ಥರ್ಮೊಅಸೆಟಿಕಾ ಎಂಬ ಬ್ಯಾಕ್ಟೀರಿಯಾಕ್ಕೆ ಬಿಸಿಲಿನ ಹಂಗಿಲ್ಲ. ಆಮ್ಲಜನಕ ಸುಳಿಯದ ಬೆಚ್ಚನೆಯ ಜಾಗದಲ್ಲಿದ್ದುಕೊಂಡು ಇಂಗಾಲದ ಡೈಆಕ್ಸೈಡನ್ನು ಅಸಿಟಿಕ್ ಆಮ್ಲವಾಗಿಸುವುದು, ಅಂದರೆ ವಿನೆಗರಿನ ಹುಳಿಯನ್ನು ತಯಾರಿಸುವುದು, ಅದರ ಕಸುಬು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೈಡಾಂಗ್ ಯಾಂಗ್, ಕೆಲ್ಸಿ ಸಕಿಮೊಟೊ ಮತ್ತು ಸಂಗಡಿಗರು ಅದನ್ನು ಬೆಳೆಸುವ ದ್ರವಕ್ಕೆ ಕ್ಯಾಡ್ಮಿಯಂ ಲವಣವನ್ನೂ ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನೂ ಬೆರೆಸಿದರು. ಬ್ಯಾಕ್ಟೀರಿಯಾ ಸಿಸ್ಟೀನಿನಿಂದ ಗಂಧಕ ಬಿಡಿಸಿತು. ಆ ಗಂಧಕ ಕ್ಯಾಡ್ಮಿಯಂ ಜೊತೆ ಕೂಡಿ, ಹಳದಿ ಬಣ್ಣದ ಕ್ಯಾಡ್ಮಿಯಂ ಸಲ್ಫೈಡ್ ಕಣಗಳಾಗಿ ಅದರ ಮೈಗೇ ಅಂಟಿಕೊಂಡಿತು. ಬೆಳಕು ಬಿದ್ದಾಗ ಕಣಗಳಿಂದ ಹೊರಟ ಎಲೆಕ್ಟ್ರಾನುಗಳನ್ನು ಜೀವಿ ತನ್ನ ಕಸುಬಿಗೆ ಬಳಸಿಕೊಂಡಿತು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಉತ್ಪನ್ನದ ಸುಮಾರು ಶೇ. 90 ಭಾಗ ಅಸಿಟಿಕ್ ಆಮ್ಲವೇ ಆಗಿತ್ತು. ಬೆಳಕು ಹೀರುವುದರಲ್ಲಿ ಕ್ಯಾಡ್ಮಿಯಂ ಸಲ್ಫೈಡಿನಂಥ ಅರೆವಾಹಕ ಗಟ್ಟಿಗ, ಬೇಕಾದ ಅಣುವನ್ನಷ್ಟೇ ಕಟ್ಟುವುದರಲ್ಲಿ ಕಿಣ್ವ ಗಟ್ಟಿಗ. ಇಬ್ಬರನ್ನೂ ಕೂಡಿಸಿದ ಜಾಣ್ಮೆಯ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಲೆಕ್ಕದಲ್ಲಿ. ಮರುವರ್ಷ, ದಕ್ಷತೆ ಶೇ. 80 ದಾಟಿತು, ಸೌರಫಲಕದ ನಾಲ್ಕು ಪಟ್ಟು ಎಂಬ ಸುದ್ದಿ ಹಬ್ಬಿತು. ಹೀರಿದ ಬೆಳಕಿನ ಕಣಗಳಲ್ಲಿ ಎಷ್ಟು ಕೆಲಸಕ್ಕೆ ಬಂದವು ಎಂಬುದು ಮೊದಲ ಸಂಖ್ಯೆ. ಬಿದ್ದ ಬಿಸಿಲಿನ ಶಕ್ತಿಯಲ್ಲಿ ಎಷ್ಟು ವಿದ್ಯುತ್ತಾಯಿತು ಎಂಬುದು ಫಲಕದ ಸಂಖ್ಯೆ. ಅವೆರಡನ್ನು ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ, ಕಳೆದುಕೊಂಡ ಎಲೆಕ್ಟ್ರಾನನ್ನು ಕಣಕ್ಕೆ ಮರಳಿ ಕೊಟ್ಟವರು ಯಾರು? ಗಿಡದಲ್ಲಾದರೆ ಅದನ್ನು ನೀರು ಕೊಡುತ್ತದೆ. ಇಲ್ಲಿ ಕೊಟ್ಟದ್ದು ಸಿಸ್ಟೀನ್. ಒಂದು ಅಸಿಟಿಕ್ ಆಮ್ಲದ ಅಣುವಿಗೆ ಎಂಟು ಎಲೆಕ್ಟ್ರಾನು ಬೇಕು, ಒಂದು ಸಿಸ್ಟೀನ್ ಅಣು ಕೊಡುವುದು ಒಂದನ್ನು. ತೂಕ ಹಾಕಿದರೆ ಒಂದು ಕಿಲೋ ಆಮ್ಲಕ್ಕೆ ಸುಮಾರು 16 ಕಿಲೋ ಸಿಸ್ಟೀನ್! ಬಳಸಿದ ಸಿಸ್ಟೀನನ್ನು ಮರಳಿ ಪಡೆಯಬಹುದಲ್ಲ ಎನ್ನಬಹುದು. ನಿಜ, ಟೈಟಾನಿಯಂ ಡೈಆಕ್ಸೈಡ್ ವೇಗವರ್ಧಕದಿಂದ, ನೀರಿನ ಎಲೆಕ್ಟ್ರಾನು ಬಳಸಿ, ಅದೇ ತಂಡ ಅದನ್ನು ಮಾಡಿ ತೋರಿಸಿತು. ಆದರೆ ನೀರು ಒಡೆದಲ್ಲಿ ಆಮ್ಲಜನಕ ಬರುತ್ತದೆ, ಈ ಬ್ಯಾಕ್ಟೀರಿಯಾಕ್ಕೆ ಅದೇ ವಿಷ. ಕ್ಯಾಡ್ಮಿಯಂನ ವಿಲೇವಾರಿ ಬೇರೆ.

ಹಾಗಾದರೆ ಬೆಳಕು ಹೀರುವುದನ್ನೂ ಅಣು ಕಟ್ಟುವುದನ್ನೂ ಒಂದೇ ಜೀವಿಯಲ್ಲಿ ಬೆಸೆಯುವುದೇಕೆ? ಹಾರ್ವರ್ಡ್‌ನ ಡೇನಿಯಲ್ ನೊಸೆರಾ, ಪಮೇಲಾ ಸಿಲ್ವರ್ 2016ರಲ್ಲೇ ಬೇರೆ ದಾರಿ ಹಿಡಿದರು. ಅವರ ಕೋಬಾಲ್ಟ್ ಮಿಶ್ರ ವೇಗವರ್ಧಕಗಳು ನೀರನ್ನು ಒಡೆದವು, ಹೊರಬಂದ ಜಲಜನಕವನ್ನು ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ ಉಂಡಿತು. ಆಮ್ಲಜನಕ ಅದಕ್ಕೆ ಒಗ್ಗುತ್ತದೆ. ವಿದ್ಯುತ್ತು ಒಳ್ಳೆಯ ಸೌರಫಲಕದಿಂದ ಬಂದರೆ ಒಟ್ಟು ದಕ್ಷತೆ ಸುಮಾರು ಶೇ. 10 ಎಂದು ಅಂದಾಜಿಸಿದರು. ಇಂಧನದಂಥ ಅಗ್ಗದ ಸರಕಿಗೆ ಇದೇ ನೇರ ದಾರಿ ಎಂಬುದು ನನ್ನ ಅಭಿಪ್ರಾಯ. ಕಣ ಹೊತ್ತ ಜೀವಿಗೆ ಒಪ್ಪುವುದು ದುಬಾರಿ ಅಣುಗಳ ಕೆಲಸ. 2018ರಲ್ಲಿ ಹಾರ್ವರ್ಡ್‌ನ ಇನ್ನೊಂದು ತಂಡ ಇಂಡಿಯಂ ಫಾಸ್ಫೈಡ್ ಕಣಗಳನ್ನು ಯೀಸ್ಟಿಗೆ ತೊಡಿಸಿ ಶಿಕಿಮಿಕ್ ಆಮ್ಲದ ಇಳುವರಿ ಹೆಚ್ಚಿಸಿತು. ನಮ್ಮ ಮಸಾಲೆ ಡಬ್ಬಿಯ ಚಕ್ರಮೊಗ್ಗಿನಲ್ಲಿರುವ ಈ ಆಮ್ಲದಿಂದ ಟ್ಯಾಮಿಫ್ಲೂ ಎಂಬ ಫ್ಲೂ ಔಷಧ ತಯಾರಾಗುತ್ತದೆ. ಆದರೂ ಆ ಯೀಸ್ಟಿಗೆ ಇಂಗಾಲ ದೊರೆತದ್ದು ಗಾಳಿಯಿಂದಲ್ಲ, ಸಕ್ಕರೆಯಿಂದ.