ಬೆಳಗೊಳದ ಬಂಡೆಯ ಮೇಲೆ ಒಂದು ದಿನ



ಬೆಟ್ಟವೆಂದೊಡನೆ ಮಲೆನಾಡಿನವರ ಕಣ್ಣೆದುರು ನಿಲ್ಲುವುದು ಶೋಲಾ ಕಾಡು, ಮಂಜು, ಜಿಗಣೆ. ಸಕಲೇಶಪುರದ ಘಟ್ಟದಲ್ಲಿ 2000 ಮಿ.ಮೀ. ದಾಟುವ ವಾರ್ಷಿಕ ಮಳೆಯು ಅರಕಲಗೂಡು, ಹೊಳೆನರಸೀಪುರಗಳನ್ನು ಹಾದು ಚನ್ನರಾಯಪಟ್ಟಣವನ್ನು ತಲುಪುವಷ್ಟರಲ್ಲಿ 700 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಬೆಟ್ಟಕ್ಕೆ ಕಾಡಿನ ಹೊದಿಕೆಯಿಲ್ಲ, ಬಂಡೆಯೇ ಮೈ. ಚಾರಣಕ್ಕೆ ಹಸಿರೇ ಬೇಕೆಂದು ಹಠ ಹಿಡಿಯುವವರು ಒಂದು ದಿನ ಶ್ರವಣಬೆಳಗೊಳದ ಎರಡು ಬೆಟ್ಟಗಳನ್ನು ನಡೆದು ನೋಡಬೇಕು.

ಮೊದಲು ಏರಬೇಕಾದುದು ದೊಡ್ಡಬೆಟ್ಟ, ಅಂದರೆ ವಿಂಧ್ಯಗಿರಿ. ಕಾರಣ ಸರಳ. ಅಲ್ಲಿ ಪಾದರಕ್ಷೆಗೆ ಅವಕಾಶವಿಲ್ಲ. ಹತ್ತು ಗಂಟೆಯ ಮೇಲೆ ಬೇಸಿಗೆಯ ಬಂಡೆ ಅಂಗಾಲನ್ನು ಸುಡುತ್ತದೆ. ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುವವನಿಗೆ ಬೂಟು ತೊಟ್ಟವನಿಗೆ ತಿಳಿಯದ ಸಂಗತಿಗಳು ತಿಳಿಯುತ್ತವೆ: ಕಲ್ಲಿನ ಹರಳಿನ ಒರಟುತನ, ನೆರಳಿನ ತಂಪು, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುವ ಬಂಡೆಯ ಅಂಚು. ಹಾಗೆ ಕಳಚಿದ ಪದರವು ಪುಡಿಯಾಗಿ, ಅದರೊಳಗಿನ ಕಬ್ಬಿಣದ ಅಂಶ ಗಾಳಿ-ನೀರಿಗೆ ತುಕ್ಕು ಹಿಡಿದು, ಕೆಳಗಿನ ಹೊಲದ ಕೆಂಪು ಮಣ್ಣಾಗಿದೆ. ಬಾದಾಮಿಯಲ್ಲಿ ಬಂಡೆಯೇ ಕೆಂಪು. ಇಲ್ಲಿ ಬಂಡೆ ಬೂದು, ಅದರ ಮಗುವಾದ ಮಣ್ಣು ಕೆಂಪು. ರಾಗಿ ಬೆಳೆಯುವ ರೈತ ಉಳುತ್ತಿರುವುದು ಹಳೆಯ ಬೆಟ್ಟವನ್ನೇ.

ಮೆಟ್ಟಿಲ ಪಕ್ಕದ ಬಂಡೆಯ ಮೇಲಿನ ಬೂದು, ಹಳದಿ ಮಚ್ಚೆಗಳನ್ನು ಬಣ್ಣವೆಂದು ತಿಳಿಯಬಾರದು. ಅವು ಕಲ್ಲುಹೂಗಳು, ಶಿಲೀಂಧ್ರ ಹಾಗೂ ಪಾಚಿಯ ಜೊತೆಬಾಳು. ಅಮೆರಿಕದ ಯೂಟಾ ರಾಜ್ಯದ ಕೆಂಬಂಡೆಯ ಮರುಭೂಮಿಯಲ್ಲಿ ಮೋಆಬ್ ಎಂಬ ಊರಿದೆ. ಬಂಡೆಗಳ ನಡುವಿನ ಮರಳಿನ ಮೇಲೆ ಕಪ್ಪಗೆ ಹರಡಿರುವ ಜೀವಂತ ಪದರವನ್ನು ತುಳಿಯದಿರಿ ಎಂದು ಅಲ್ಲಿಗೆ ಬರುವ ಚಾರಣಿಗರಿಗೆ ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಒಂದು ಹೆಜ್ಜೆಗೆ ಮುರಿದದ್ದು ಕೂಡಿಕೊಳ್ಳಲು ದಶಕಗಳೇ ಬೇಕು. ಬೆಳಗೊಳದಲ್ಲಿ ಭಕ್ತಿಗಾಗಿ ಬಿಟ್ಟ ಚಪ್ಪಲಿ ಕಲ್ಲುಹೂವಿಗೂ ಉಪಕಾರ ಮಾಡಿದೆ.

ತುದಿಯ 58 ಅಡಿಯ ಗೊಮ್ಮಟನ ಕುರಿತು ಎಲ್ಲರಿಗೂ ತಿಳಿದಿದೆ. ಚಾರಣಿಗರು ಹೆಚ್ಚು ಹೊತ್ತು ನಿಲ್ಲಬೇಕಾದುದು ಎದುರಿನ ಚಿಕ್ಕಬೆಟ್ಟದಲ್ಲಿ, ಪಾರ್ಶ್ವನಾಥ ಬಸದಿಯ ಬಳಿಯ ಶಾಸನದ ಮುಂದೆ. ಕ್ರಿ.ಶ. 600ರ ಸುಮಾರಿನ ಈ ಬರಹದ ಭಾಷೆ ಸಂಸ್ಕೃತ. ಭದ್ರಬಾಹುವಿನ ಪರಂಪರೆಯನ್ನು ಹೇಳುತ್ತ, ಕಟವಪ್ರವೆಂಬ ಈ ಬೆಟ್ಟದ ಹೂ-ಹಣ್ಣುಗಳ ಮರಗಳನ್ನೂ ಕಾರ್ಮೋಡದಂಥ ಬಂಡೆಗಳನ್ನೂ ಅದು ವರ್ಣಿಸುತ್ತದೆ. ಹಂದಿ, ಚಿರತೆ, ಹುಲಿ, ಕರಡಿ, ಕತ್ತೆಕಿರುಬ, ಹಾವು, ಜಿಂಕೆಗಳನ್ನು ಹೆಸರಿಸುತ್ತದೆ. ಕವಿಸಮಯವೆಂದು ತಳ್ಳಿಹಾಕಬಹುದು. ಆದರೆ ಕತ್ತೆಕಿರುಬ ಮಳೆಕಾಡಿನ ಪ್ರಾಣಿಯಲ್ಲ, ಒಣ ಕುರುಚಲು ಮತ್ತು ಕಲ್ಲುಪೊಟರೆಗಳದು. ಬರೆದವನು ಈ ನೆಲವನ್ನು ಕಂಡಿದ್ದನೆಂದೇ ತೋರುತ್ತದೆ. ಇಂದು ಬೆಟ್ಟ ಉಳಿದಿದೆ. ಆ ಕಾಡು ಉಳಿದಿಲ್ಲ.

ಎರಡು ಬೆಟ್ಟಗಳ ನಡುವೆ ಕೊಳ. ಬಿಳಿಯ ಕೊಳವೇ ಬೆಳಗೊಳ. ಗುಳ್ಳಕಾಯಜ್ಜಿ ಎರೆದ ಹಾಲು ಗೊಮ್ಮಟನನ್ನು ತೋಯಿಸಿ ಬೆಟ್ಟವಿಳಿದು ಕೊಳವಾಯಿತೆಂಬುದು ಐತಿಹ್ಯ. ಜಲಾನಯನದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಠ್ಯಪುಸ್ತಕ ಅಪರೂಪ. ಲೆಕ್ಕ ಹೀಗಿದೆ: ಒಂದು ಎಕರೆ ಬಂಡೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 80 ಸಾವಿರ ಲೀಟರು. ಕಾಡಿನ ಮಣ್ಣು ಇದರ ಬಹುಪಾಲನ್ನು ಹೀರುತ್ತದೆ. ಬೋಳುಬಂಡೆ ಬಹುಪಾಲನ್ನು ಕೆಳಕ್ಕೆ ಕಳಿಸುತ್ತದೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಕಟ್ಟೆ, ಕೊಳ, ಕೆರೆಗಳನ್ನು ಬಂಡೆಯ ಬುಡದಲ್ಲಿ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು.

ನಮ್ಮ ಕಂದಾಯ ದಾಖಲೆಯಲ್ಲಿ ಇಂಥ ಬಂಡೆಯ ಹೆಸರು 'ಖರಾಬು'. ಬೆಳೆಗೆ ಬಾರದ ನೆಲವೆಂಬುದಷ್ಟೇ ಅದರ ಅರ್ಥವಾಗಿದ್ದರೂ, ಕೆಲಸಕ್ಕೇ ಬಾರದ್ದೆಂದು ಓದಿಕೊಳ್ಳುವವರೇ ಹೆಚ್ಚು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಎಂದು 1992ರ ಕೇಂದ್ರ ಅಧಿಸೂಚನೆ ಗೆರೆ ಎಳೆಯಿತು. ಗಣಿಗಾರಿಕೆಗೂ ಅದು ಅನ್ವಯಿಸಿತು. 2010ರಲ್ಲಿ ಈ ಗೆರೆಗಳು ಕಾಯ್ದೆಯೊಳಗೇ ಸೇರಿದವು. ಶಾಸನವೋ ಬಸದಿಯೋ ಇರುವ ಬಂಡೆಗೆ ಇಷ್ಟಾದರೂ ಕಾವಲಿದೆ. ದೊಡ್ಡಬೆಟ್ಟದ ಮೇಲಿನಿಂದ ಸುತ್ತಲೂ ಕಾಣುವ ಬೋಳುಗುಡ್ಡಗಳಲ್ಲಿ ಬಹುಪಾಲಿಗೆ ಇರುವುದು ಸರ್ವೆ ನಂಬರು ಮಾತ್ರ. ಹಾಸನ ಜಿಲ್ಲೆಯ ಹಸಿರು ಗ್ರಾನೈಟಿಗೆ ಊರಿನದೇ ಹೆಸರಿಟ್ಟು ಹೊರದೇಶಗಳಲ್ಲೂ ಮಾರುತ್ತಾರೆ. ಕಲ್ಲು ಹೋದ ಗುಡ್ಡ ಕುಳಿಯಾಗುತ್ತದೆ. ಅದೇ 20 ಮಿ.ಮೀ. ಮಳೆ ಕುಳಿಯಲ್ಲೇ ನಿಲ್ಲುತ್ತದೆ, ಕೆಳಗಿನ ಕಟ್ಟೆಗೆ ಬರುವುದಿಲ್ಲ.

ಮುಂದಿನ ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳು ಹೆಸರಿಲ್ಲದ ಅಂಥ ಒಂದು ಗುಡ್ಡವನ್ನೇ ಆರಿಸಿಕೊಳ್ಳಲಿ. ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು. ನೀರು ಇಳಿದ ಜಾಡು ಬಂಡೆಯ ಮೇಲೆ ಕಪ್ಪಗೆ ಕಾಣುತ್ತದೆ. ಅದನ್ನು ಹಿಡಿದು ಕೆಳಗಿಳಿದರೆ ಯಾವ ಊರಿನ ಕೆರೆ ಸಿಗುತ್ತದೆಂದು ಬರೆದುಕೊಂಡು ಬರಲಿ, ಪಕ್ಕದಲ್ಲಿ ಆ ಗುಡ್ಡದ ಸರ್ವೆ ನಂಬರನ್ನೂ.