ಹೊರಪರದೆ ಕತ್ತಲಾದಾಗ

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ)



ಸಾಹಿತ್ಯದ ಮಾತು ಕೇಳಿ ಅಭ್ಯಾಸವಾದ ಈ ಸಭೆಯಲ್ಲಿ ತಂತಿ, ಕಿಂಡಿ, ಪರದೆಗಳ ಮಾತನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಮುಂಬಯಿಯ ನಮ್ಮ ಅನೇಕ ಮನೆಗಳಲ್ಲಿ ಈಗ ಲ್ಯಾಪ್‌ಟಾಪಿಗೆ ದೊಡ್ಡದೊಂದು ಮಾನಿಟರನ್ನು ಜೋಡಿಸಿಕೊಂಡಿರುತ್ತಾರೆ. ಮಗ ಅದರಲ್ಲಿ ಕಚೇರಿಯ ಕೆಲಸ ಮಾಡುತ್ತಾನೆ. ಮಗಳು ಪಾಠ ಕೇಳುತ್ತಾಳೆ. ಕಣ್ಣು ಮಂದವಾದ ಹಿರಿಯರು ಅಕ್ಷರ ಹಿಗ್ಗಿಸಿಕೊಂಡು ಊರಿನ ಪತ್ರಿಕೆ ಓದುತ್ತಾರೆ. ಆ ಪರದೆ ಕತ್ತಲಾದರೆ ಮೂವರ ಕೆಲಸವೂ ನಿಲ್ಲುತ್ತದೆ. ಆಗ ಅವಸರದಲ್ಲಿ ಅಂಗಡಿಗೆ ಓಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತಂತಿಯ ದೋಷಕ್ಕಾಗಿ ಯಂತ್ರವನ್ನೇ ಬದಲಾಯಿಸಿ ಸಾವಿರಾರು ರೂಪಾಯಿ ತೆತ್ತು ಬರುತ್ತೇವೆ. ದೋಷ ಎಲ್ಲಿದೆಯೆಂದು ತಿಳಿಯುವ ಮುನ್ನ ಹಣ ಬಿಚ್ಚಬಾರದು. ಈ ದಿನ ನಾನು ಹೇಳಬೇಕಾದುದು ಇಷ್ಟೆ.

ಚಿತ್ರವು ಲ್ಯಾಪ್‌ಟಾಪಿನಿಂದ ಪರದೆಗೆ ಹೋಗುವ ದಾರಿಯಲ್ಲಿ ನಾಲ್ಕು ಠಾವುಗಳುಂಟು: ಲ್ಯಾಪ್‌ಟಾಪಿಗೆ ನಾವು ಕೊಟ್ಟ ಆಜ್ಞೆ, ಅದರ ಪಕ್ಕದ ಕಿಂಡಿ, ತಂತಿ, ಮಾನಿಟರು. ಇವುಗಳಲ್ಲಿ ಕಾಸು ಖರ್ಚಿಲ್ಲದೆ ನೋಡಬಹುದಾದುದನ್ನು ಮೊದಲು ನೋಡಬೇಕು.

ಮೊದಲನೆಯದು ಮಾನಿಟರು. ಪರದೆಯ ಮೇಲೆ 'ನೋ ಸಿಗ್ನಲ್' ಎಂಬ ಮಾತು ಕಂಡರೆ ಗಾಬರಿಪಡಬೇಕಾದುದಿಲ್ಲ. ಪರದೆಗೆ ಜೀವವಿದೆ, ವಿದ್ಯುತ್ತು ಬರುತ್ತಿದೆ, ಆದರೆ ತಾನು ಕಾಯುತ್ತಿರುವ ಕಿಂಡಿಗೆ ಚಿತ್ರ ಬಂದಿಲ್ಲ ಎಂದಷ್ಟೇ ಅದರ ಅರ್ಥ. ಮಾನಿಟರಿನ ಹಿಂದೆ ಸಾಮಾನ್ಯವಾಗಿ ಎರಡು ಮೂರು ಕಿಂಡಿಗಳಿರುತ್ತವೆ. ತಂತಿ ಎಚ್‌ಡಿಎಂಐ ಕಿಂಡಿಯಲ್ಲಿದ್ದು ಮಾನಿಟರು ವಿಜಿಎ ಕಿಂಡಿಯ ದಾರಿ ಕಾಯುತ್ತಿದ್ದರೆ ಚಿತ್ರ ಬರುವುದೆಂತು? 'ಇನ್‌ಪುಟ್' ಅಥವಾ 'ಸೋರ್ಸ್' ಎಂಬ ಗುಂಡಿಯನ್ನೊತ್ತಿ ಸರಿಯಾದುದನ್ನು ಆರಿಸಬೇಕು. ಧೂಳು ಒರೆಸುವಾಗ ಈ ಗುಂಡಿ ಒತ್ತಿಹೋಗುವುದೂ ಉಂಟು.

ಎರಡನೆಯದು ಆಜ್ಞೆ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನು ಹಿಡಿದು 'ಪಿ' ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಅವುಗಳಲ್ಲೊಂದು ಲ್ಯಾಪ್‌ಟಾಪಿನ ಪರದೆ ಮಾತ್ರ ಸಾಕು ಎಂಬುದು. ಅದು ಆಯ್ಕೆಯಾಗಿದ್ದರೆ ಹೊರಪರದೆ ಕತ್ತಲಾಗಿರುವುದು ದೋಷವಲ್ಲ, ವಿಧೇಯತೆ! 'ಡೂಪ್ಲಿಕೇಟ್' ಆರಿಸಿದರೆ ಎರಡರಲ್ಲೂ ಒಂದೇ ಚಿತ್ರ. 'ಎಕ್ಸ್‌ಟೆಂಡ್' ಆರಿಸಿದರೆ ಎರಡೂ ಸೇರಿ ಒಂದು ದೊಡ್ಡ ಮೇಜಿನಂತೆ. ಇಷ್ಟಾದರೂ ಬಾರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, 'ಬಿ' ಈ ನಾಲ್ಕನ್ನೂ ಒಟ್ಟಿಗೆ ಒತ್ತಿರಿ. ಪರದೆ ಕಣ್ಣು ಮಿಟುಕಿಸಿ, ಚಿತ್ರ ಕಳುಹಿಸುವ ಭಾಗ ಹೊಸದಾಗಿ ಕೆಲಸ ಆರಂಭಿಸುತ್ತದೆ. ಆಮೇಲೆ 'ರೀಸ್ಟಾರ್ಟ್' ಮಾಡಿ. 'ಷಟ್ ಡೌನ್' ಮಾಡಿದಾಗ ಅನೇಕ ಯಂತ್ರಗಳು ಮುಂದೆ ಬೇಗ ಎಚ್ಚರಗೊಳ್ಳಲೆಂದು ಹಳೆಯ ಸ್ಥಿತಿಯನ್ನು ಸ್ವಲ್ಪ ಉಳಿಸಿಕೊಳ್ಳುತ್ತವೆ. ಆದುದರಿಂದ 'ರೀಸ್ಟಾರ್ಟ್' ಮೇಲು.

ಮೂರನೆಯದೂ ನಾಲ್ಕನೆಯದೂ ತಂತಿ ಮತ್ತು ಕಿಂಡಿ. ಹೆಚ್ಚಿನ ಗೊಂದಲ ಇಲ್ಲಿಯೇ. 1987ರಲ್ಲಿ ಐಬಿಎಂ ಕಂಪನಿ ತಂದ ವಿಜಿಎ ಕಿಂಡಿಗೆ 15 ಮುಳ್ಳುಗಳು. ಅದು ಚಿತ್ರವನ್ನು ಏರಿಳಿಯುವ ಅಲೆಯಾಗಿ ಕಳುಹಿಸುತ್ತದೆ. 2002ರಲ್ಲಿ ಬಂದ ಎಚ್‌ಡಿಎಂಐಗೆ 19; ಅದು ಚಿತ್ರವನ್ನು ಅಂಕಿಗಳಾಗಿ ಕಳುಹಿಸುತ್ತದೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಎರಡನ್ನೂ ಬೆಸೆಯಲು ನಡುವೆ ದುಭಾಷಿಯಂತೆ ಪರಿವರ್ತಕವೊಂದಿರಬೇಕು. ಬರಿಯ ತಂತಿಯಿಂದ ಪ್ರಯೋಜನವಿಲ್ಲ. 2014ರಲ್ಲಿ ಬಂದ ಯುಎಸ್‌ಬಿ-ಸಿ ಎಂಬ ಉರುಟು ಅಂಚಿನ ಸಣ್ಣ ಕಿಂಡಿಯದು ಬೇರೆಯೇ ತೊಡಕು. ರೂಪ ಒಂದೇ ಆದರೂ ಗುಣ ಒಂದಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದು ಚಿತ್ರವನ್ನು ಹೊರಗೆ ಕಳುಹಿಸುತ್ತದೆ, ಕೆಲವುಗಳಲ್ಲಿ ಇಲ್ಲ. ಕೊಳ್ಳುವಾಗ ಬಂದ ಕೈಪಿಡಿಯನ್ನು ನೋಡಿಯೇ ತಿಳಿಯಬೇಕು. ಹಾಗೆಯೇ ಮೊಬೈಲಿನ ಜೊತೆ ಬಂದ ಚಾರ್ಜರ್ ತಂತಿ ಆ ಕಿಂಡಿಗೆ ಕೂರುತ್ತದೆ. ಆದರೆ ಬಹುಮಟ್ಟಿಗೆ ಚಿತ್ರವನ್ನು ಹೊರಲಾರದು.

ದೋಷ ತಂತಿಯದೋ ಯಂತ್ರದ್ದೋ ಎಂದು ನಿರ್ಣಯಿಸುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಿವೃತ್ತರಾದ ಸದಸ್ಯರೊಬ್ಬರಿಗೆ ಒಂದು ಅಂಗಡಿಯಲ್ಲಿ "ಮದರ್‌ಬೋರ್ಡ್ ಹೋಗಿದೆ, ಹೊಸ ಲ್ಯಾಪ್‌ಟಾಪೇ ಲೇಸು" ಎಂದರಂತೆ. ಪಿಂಚಣಿಯ ಹಣದಲ್ಲಿ ಅದು ಆಗುವ ಮಾತಲ್ಲವೆಂದು ಅವರು ಮೂರು ವಾರ ಪತ್ರಿಕೆ ಓದುವುದನ್ನೇ ಬಿಟ್ಟಿದ್ದರು. ನಾವು ಮಾಡಿದುದಿಷ್ಟು: ಅವರ ಲ್ಯಾಪ್‌ಟಾಪನ್ನು ನೆರೆಮನೆಯ ಟೀವಿಗೆ ನೆರೆಯವರ ತಂತಿಯಿಂದಲೇ ಜೋಡಿಸಿದೆವು. ಚಿತ್ರ ಬಂತು, ಲ್ಯಾಪ್‌ಟಾಪು ನಿರ್ದೋಷಿ. ಆಮೇಲೆ ಬೇರೇನನ್ನೂ ಮುಟ್ಟದೆ ತಂತಿಯನ್ನು ಮಾತ್ರ ತೆಗೆದು ಅವರ ತಂತಿಯನ್ನು ಹಾಕಿದೆವು. ಟೀವಿ ಕತ್ತಲಾಯಿತು. ಕಳ್ಳ ಸಿಕ್ಕಿದ! ಕೆಲವು ನೂರು ರೂಪಾಯಿಯ ತಂತಿಯಿಂದ ಅವರ ಓದು ಮರಳಿ ಆರಂಭವಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂಬುದೇ ಇಲ್ಲಿಯ ಸೂತ್ರ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಚಿತ್ರ ಬಂದೀತು, ತಿಳಿವಳಿಕೆ ಬಾರದು.

ಚಿತ್ರ ಬಂದರೂ ಕನ್ನಡದ ಒತ್ತಕ್ಷರಗಳು ಕಲಸಿದಂತೆ ಕಾಣುವುದುಂಟು. ಪ್ರತಿ ಪರದೆಗೂ ಅದರದೇ ಚುಕ್ಕೆಗಳ ಲೆಕ್ಕವಿದೆ. ಅನೇಕ ಮಾನಿಟರುಗಳಿಗೆ ಅದು ಅಡ್ಡಲಾಗಿ 1920, ಉದ್ದಕ್ಕೆ 1080. ಅಕ್ಷರ ದೊಡ್ಡದಾಗಲೆಂದು ಈ ಲೆಕ್ಕವನ್ನೇ ತಗ್ಗಿಸಿದರೆ ಒತ್ತುಗಳು ಮಸಕಾಗುತ್ತವೆ. ಲೆಕ್ಕವನ್ನು ಹಾಗೆಯೇ ಇರಿಸಿ, 'ಸ್ಕೇಲ್' ಎಂಬುದನ್ನು ಶೇಕಡಾ 125ಕ್ಕೋ 150ಕ್ಕೋ ಏರಿಸಿರಿ. ಅಕ್ಷರವೂ ಹಿಗ್ಗುತ್ತದೆ, ಒತ್ತೂ ಸ್ಪಷ್ಟವಾಗಿರುತ್ತದೆ.

ಕೆಲವು ಕೊರತೆಗಳು ದೋಷಗಳೇ ಅಲ್ಲ. 2020ರಲ್ಲಿ ಬಂದ, ಎಂ1 ಚಿಪ್ ಇರುವ ಮ್ಯಾಕ್‌ಬುಕ್ ಏರ್‌ಗೆ ತಯಾರಕರು ಹೇಳಿರುವುದೇ ಒಂದು ಹೊರಪರದೆ. ಎರಡನೆಯದು ಬರಲಿಲ್ಲವೆಂದು ದುರಸ್ತಿಗೆ ಕೊಡುವುದು ವ್ಯರ್ಥ.

ಒಳ್ಳೆಯದೆಂದು ತಿಳಿದ ತಂತಿ, ಒಳ್ಳೆಯದೆಂದು ತಿಳಿದ ಪರದೆ ಎರಡರಲ್ಲೂ ಚಿತ್ರ ಬಾರದೆ, ಆಜ್ಞೆಯೂ ಸರಿಯಾಗಿದ್ದರೆ ಆಗ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ. ಆದರೆ ಏನೇನು ಪರೀಕ್ಷಿಸಿದಿರೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಹಿಡಿದು ಬಂದವನಿಗೆ ಇಲ್ಲದ ರೋಗ ಹೇಳಲು ಯಾರೂ ಹಿಂಜರಿಯುತ್ತಾರೆ.

ಕೊನೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ಪರೀಕ್ಷಿಸಿದ ಎಚ್‌ಡಿಎಂಐ ತಂತಿಯೊಂದನ್ನೂ, ಪರಿವರ್ತಕವೊಂದನ್ನೂ ವಾಚನಾಲಯದ ಕಪಾಟಿನಲ್ಲಿರಿಸಿ, ಪುಸ್ತಕದಂತೆಯೇ ಸಹಿ ಪಡೆದು ಎರಡು ದಿನದ ಮಟ್ಟಿಗೆ ಎರವಲು ಕೊಡಬಹುದು. ಇಲ್ಲಿ ಪುಸ್ತಕ ಎರವಲು ಕೊಡುವುದು ಓದು ನಿಲ್ಲದಿರಲೆಂದು. ಈ ತಂತಿಯ ಕೆಲಸವೂ ಅದೇ.